ನಡತೆಗೆ ಇಬ್ಬರು ಸಾಕ್ಷಿ

ಗುರ್‌ಗಾಂವ್‌ನ ಒಂದು ಸೆಕ್ಟರ್ ಮಾರ್ಕೆಟ್ಟಿನಲ್ಲಿ, ಮಿಠಾಯಿ ಅಂಗಡಿಗೂ ಕಾರಿನ ಬ್ಯಾಟರಿ ಮಾರುವವನ ಅಂಗಡಿಗೂ ನಡುವೆ ಇದ್ದ ಪ್ರಾಪರ್ಟಿ ಡೀಲರ್ ಆಫೀಸಿನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಮಾಲೀಕನನ್ನು ಎಲ್ಲರೂ ಪ್ರಧಾನ್‌ಜಿ ಎನ್ನುತ್ತಿದ್ದರು. ಆ ಮಾರ್ಕೆಟ್ಟಿನ ಅಂಗಡಿಕಾರರ ಸಂಘಕ್ಕೆ ಆತನೇ ಅಧ್ಯಕ್ಷ. ಅಂಗಡಿಗಳು ನಿಂತಿದ್ದ ಜಾಗ ಒಂದು ಕಾಲಕ್ಕೆ ಆತನ ಅಜ್ಜನ ಸಾಸಿವೆ ಹೊಲವಂತೆ. ಸರ್ಕಾರ ಹೊಲ ತೆಗೆದುಕೊಂಡು ಸೆಕ್ಟರ್ ಮಾಡಿತು. ಪರಿಹಾರದ ದುಡ್ಡಿನಲ್ಲಿ ಆತ ಒಂದು ದೊಡ್ಡ ಕಾರು ಕೊಂಡು, ತನ್ನದೇ ಹೊಲದ ಮೇಲೆ ಎದ್ದ ಮನೆಗಳನ್ನು ಎಲ್ಲೆಲ್ಲಿಂದಲೋ ಬಂದವರಿಗೆ ತೋರಿಸುತ್ತಾ ಕೂತಿದ್ದ.

ನನ್ನನ್ನು ಇಟ್ಟುಕೊಂಡದ್ದು ನನ್ನ ಮಾತಿಗಾಗಿ. ದಕ್ಷಿಣದಿಂದ ವರ್ಗವಾಗಿ ಬರುವ ಬ್ಯಾಂಕಿನವರು, ಕಂಪನಿಯವರು ಬಾಡಿಗೆ ಸರಿಯಾಗಿ ಕೊಡುತ್ತಾರೆ, ಗಲಾಟೆ ಮಾಡುವುದಿಲ್ಲ ಎಂದು ಮನೆ ಮಾಲೀಕರಿಗೆ ಅವರ ಮೇಲೆ ಆಸೆ. ಅವರಿಗೆ ಪ್ರಧಾನ್‌ಜಿಯ ಹರಿಯಾಣ್ವಿ ತಿಳಿಯುತ್ತಿರಲಿಲ್ಲ. ಆತ ಮಾಮೂಲಿಯಾಗಿ ಮಾತಾಡಿದರೂ ಬೈದ ಹಾಗೆ ಕೇಳಿ ಹೆದರುತ್ತಿದ್ದರು. ನಾನು ದಾವಣಗೆರೆಯಲ್ಲಿ ಬಿ.ಎ. ಮುಗಿಸಿದವಳು, ಮದುವೆಯಾಗಿ ದಿಲ್ಲಿಗೆ ಬಂದು ಹಿಂದಿ ಕಲಿತವಳು. ಇಂಗ್ಲಿಷು ತಕ್ಕಮಟ್ಟಿಗೆ ಬರುತ್ತಿತ್ತು. ಗಿರಾಕಿಗಳ ಎದುರು ಆತನಿಗೆ ನಾನು 'ಮೇಡಮ್'. ಅವರು ಬಾಗಿಲು ದಾಟಿದ ಕೂಡಲೇ 'ಮದ್ರಾಸನ್'. ನಾನು ಮದ್ರಾಸಿನವಳಲ್ಲ ಎಂದು ಒಮ್ಮೆ ಹೇಳಿದ್ದಕ್ಕೆ, "ಆ ಕೆಳಗಿನ ಕಡೆಯವರೆಲ್ಲ ಒಂದೇ" ಎಂದ.

ಮನೆ ಇದ್ದದ್ದು ದಿಲ್ಲಿಯ ಜನಕಪುರಿಯಲ್ಲಿ. ಬೆಳಿಗ್ಗೆ ಮೆಟ್ರೋದಲ್ಲಿ ದ್ವಾರಕಾದವರೆಗೆ ಹೋಗಿ, ಅಲ್ಲಿಂದ ಶೇರ್ ಆಟೋದಲ್ಲಿ ಬಿಜ್ವಾಸನ್ ರೈಲ್ವೆ ಗೇಟಿನ ಧೂಳು ಕುಡಿದು ಆಫೀಸು ಸೇರುತ್ತಿದ್ದೆ. ನನ್ನ ಗಂಡ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಅಸಿಸ್ಟೆಂಟ್. ಸಭ್ಯ ಮನುಷ್ಯ. ಕುಡಿತವಿಲ್ಲ, ಕೈಯೆತ್ತಿದವರಲ್ಲ, ದನಿ ಏರಿಸಿದವರೂ ಅಲ್ಲ. ಎಲ್ಲರೂ ನನ್ನ ಅದೃಷ್ಟ ಎನ್ನುತ್ತಿದ್ದರು. ನನ್ನ ಕೆಲಸದ ಬಗ್ಗೆ ಅವರು ಒಂದೇ ಮಾತು ಆಡಿದ್ದರು, ಅದೂ ಮೊದಲ ದಿನ: "ಕನ್ನಡದಲ್ಲಿ ದಲ್ಲಾಳಿ ಅಂದ್ರೆ ದಲ್ಲಾಳಿ. ಹಿಂದಿಯಲ್ಲಿ ದಲಾಲ್ ಅಂದ್ರೆ ಏನು ಅಂತ ಯಾರನ್ನಾದ್ರೂ ಕೇಳು." ಅದನ್ನು ಹೇಳಿ ಟಿಫಿನ್ ಡಬ್ಬಿ ತೆಗೆದುಕೊಂಡು ಆಫೀಸಿಗೆ ಹೋದರು. ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ, ತಲೆಹಿಡುಕ ಎಂಬ ಅದರ ಅರ್ಥ ನನಗೆ ಗೊತ್ತಿತ್ತು.

ಹೀಗಿರುವಾಗ ಹರಿಯಾಣದಲ್ಲಿ ಹೊಸ ಕಾಯಿದೆ ಬಂತು. ಇನ್ನು ಮುಂದೆ ಲೈಸೆನ್ಸ್ ಇಲ್ಲದೆ ಯಾರೂ ಪ್ರಾಪರ್ಟಿ ಡೀಲರ್ ಕೆಲಸ ಮಾಡುವಂತಿಲ್ಲ. ಅಲ್ಲಿಯವರೆಗೆ ಒಂದು ಮೇಜು, ಒಂದು ಫೋನು, ಗೋಡೆಯ ಮೇಲೆ ಸೆಕ್ಟರಿನ ನಕ್ಷೆ ಇದ್ದವನೆಲ್ಲ ಡೀಲರ್. ಮಾರ್ಕೆಟ್ಟಿನಲ್ಲಿ ಯಾರೂ ಇದನ್ನು ನಿಜವೆಂದು ನಂಬಲಿಲ್ಲ. ಪಕ್ಕದ ಸೆಕ್ಟರಿನಲ್ಲಿ ಒಬ್ಬನ ಆಫೀಸಿಗೆ ಬೀಗ ಬಿದ್ದ ಮೇಲೆ ನಂಬಿದರು. ಪ್ರಧಾನ್‌ಜಿ ಇಸ್ತ್ರಿ ಮಾಡಿದ ಬಿಳಿ ಕುರ್ತಾ ಹಾಕಿಕೊಂಡು, ಕಾಗದಗಳನ್ನು ಹಿಡಿಯಲು ನನ್ನನ್ನು ಜೊತೆಗೆ ಕರೆದುಕೊಂಡು, ಲೈಸೆನ್ಸ್ ಕೊಡುವ ಕಚೇರಿಗೆ ಹೋದ.

ಕಿಟಕಿಯ ಹಿಂದೆ ಇದ್ದ ಗುಮಾಸ್ತ ಚಿಕ್ಕ ವಯಸ್ಸಿನವನು. ನಾವು ಕೊಟ್ಟ ಕಾಗದಗಳನ್ನು ತಿರುವಿ ಹಾಕಿ, "ಹತ್ತನೇ ತರಗತಿಯ ಸರ್ಟಿಫಿಕೇಟ್?" ಎಂದು ಕೇಳಿದ.

"ಅದೆಲ್ಲ ಯಾಕೆ? ಈ ಕೆಲಸ ನಾನು ಇಪ್ಪತ್ತು ವರ್ಷದಿಂದ ಮಾಡ್ತಿದ್ದೀನಿ," ಎಂದ ಪ್ರಧಾನ್‌ಜಿ.

"ತಾವು ಹತ್ತು ಪಾಸಾ, ಇಲ್ಲವಾ?"

ಪ್ರಧಾನ್‌ಜಿ ಬಾಗಿ, ದನಿ ತಗ್ಗಿಸಿ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಆದರೆ ಗುಮಾಸ್ತನಿಗೆ ದನಿ ತಗ್ಗಿಸುವ ಅಭ್ಯಾಸವಿರಲಿಲ್ಲ. "ಎಂಟು ಫೇಲಾ?" ಎಂದು ಪೂರ್ತಿ ಸಾಲಿಗೆ ಕೇಳುವ ಹಾಗೆ ಕೂಗಿದ. "ದೊಡ್ಡಪ್ಪಾ, ಎಂಟು ಫೇಲಾದವರು ಎಮ್ಮೆ ಮಾರಬಹುದು, ಅದಕ್ಕೆ ಇನ್ನೂ ಲೈಸೆನ್ಸ್ ಬೇಕಿಲ್ಲ. ಮನೆ ಮಾರೋಕೆ ಹತ್ತು ಪಾಸಾಗಿರಬೇಕು. ಮುಂದಿನವರು ಬನ್ನಿ."

ಸಾಲಿನಲ್ಲಿ ನಿಂತವರು ನಕ್ಕರು. ನಕ್ಕವರಲ್ಲಿ ಅರ್ಧ ಜನ ಆತನ ಪರಿಚಯದವರೇ, ಆತನ ಮನೆಯ ಮದುವೆಗಳಲ್ಲಿ ಉಂಡವರು. ಆತ ಮಾತ್ರ ಅವರ್ಯಾರನ್ನೂ ನೋಡದೆ ನನ್ನನ್ನೇ ನೋಡಿದ. ನಾನು ನಕ್ಕಿರಲಿಲ್ಲ, ಅಷ್ಟು ದಡ್ಡಿಯಲ್ಲ. ಆದರೂ ನಾನು ಅಲ್ಲಿದ್ದೆ, ಕೇಳಿಸಿಕೊಂಡೆ. ಅದನ್ನು ಆತ ಕೊನೆಯವರೆಗೂ ಮನ್ನಿಸಲಿಲ್ಲ.

ವಾಪಸು ಬರುವಾಗ ಕಾರಿನ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ ಕೇಳಿದ: "ನೀನು ಎಷ್ಟು ಓದಿದ್ದೀ?"

"ಬಿ.ಎ."

"ಹಾಗಾದ್ರೆ ಲೈಸೆನ್ಸ್ ನಿನ್ನ ಹೆಸರಲ್ಲಿ ಬರಲಿ. ಖರ್ಚು ನನ್ನದು. ಅಂಗಡಿ ನನ್ನದು. ನೀನು ಸೈನ್ ಮಾಡೋದು, ಅಷ್ಟೇ." ಸ್ವಲ್ಪ ದೂರ ಹೋದ ಮೇಲೆ ತನಗೆ ತಾನೇ ಅಂದುಕೊಂಡ: "ಅಜ್ಜನ ಹೊಲದಲ್ಲಿ ಕೂತ್ಕೊಳ್ಳೋಕೆ ಮದ್ರಾಸನ್‌ನ ಅಪ್ಪಣೆ!"

ನನಗೆ ಆ ದಿನ ಸಂತೋಷವಾಯಿತು. ಯಾಕೆ ಸುಳ್ಳು ಹೇಳಲಿ. ನನ್ನ ಹೆಸರು ಬರೆದ, ಸರ್ಕಾರದ ಮೊಹರಿರುವ ಒಂದು ಕಾಗದ ಗೋಡೆಯ ಮೇಲೆ ಇರುತ್ತದೆ ಎಂಬುದು ನನಗೆ ದೊಡ್ಡದಾಗಿ ಕಂಡಿತು. ದಿಲ್ಲಿಯಲ್ಲಿ ಅಷ್ಟು ವರ್ಷ ಬದುಕಿದ್ದರೂ ನನ್ನ ಹೆಸರಿನಲ್ಲಿ ಇದ್ದದ್ದು ಒಂದು ಲೈಬ್ರರಿ ಕಾರ್ಡು ಮಾತ್ರ.

ಅರ್ಜಿಯ ಜೊತೆ ಇನ್ನೊಂದು ಬೇಕಿತ್ತು. ಅರ್ಜಿ ಹಾಕಿದವರ ನಡತೆ ಒಳ್ಳೆಯದು ಎಂದು ಅವರು ವಾಸಿಸುವ ಕಡೆಯ ಠಾಣೆಯಿಂದ ವರದಿ ಬರಬೇಕು. ಅದಕ್ಕೆ ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ, ಅಕ್ಕಪಕ್ಕದ ಇಬ್ಬರ ಸಹಿ ಪಡೆಯುತ್ತಾರೆ. ಪಾಸ್‌ಪೋರ್ಟಿಗೆ ಮಾಡುವ ಹಾಗೆಯೇ. ಅದರಲ್ಲಿ ಹೆದರುವಂಥದ್ದು ಏನೂ ಕಾಣಲಿಲ್ಲ.

ಕಾನ್‌ಸ್ಟೇಬಲ್ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನಮ್ಮದು ಸರ್ಕಾರ ಕಟ್ಟಿಸಿದ ಡಿ.ಡಿ.ಎ. ಫ್ಲ್ಯಾಟು, ಎರಡನೇ ಮಹಡಿ; ಒಂದೇ ಮೆಟ್ಟಿಲಿಗೆ ಎಲ್ಲ ಮನೆಗಳ ಬಾಗಿಲು. ಖಾಕಿ ಮೆಟ್ಟಿಲು ಹತ್ತಿದ ಕೂಡಲೇ ಎಲ್ಲ ಬಾಗಿಲುಗಳೂ ಒಂದಿಷ್ಟು ತೆರೆದುಕೊಂಡವು. ನನ್ನ ಗಂಡ ದಿವಾನದ ಮೇಲೆ ಕೂತು ಪೇಪರ್ ಓದುತ್ತಿದ್ದರು. ಮಗಳು ಹನ್ನೆರಡನೇ ಕ್ಲಾಸು, ಬೋರ್ಡ್ ಪರೀಕ್ಷೆಗೆ ಒಳಗೆ ಓದುತ್ತಿದ್ದಳು. ನಾನು ಚಹಾ ಕೊಟ್ಟೆ. ಆತ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಚಹಾ ಹೀರಿ, ಕೇಳುವುದನ್ನೆಲ್ಲ ಕೇಳಿದ. ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಸ್ವಂತ ಊರು ಯಾವುದು, ಯಾವುದಾದರೂ ಕೇಸು ಇದೆಯೇ.

"ಕೆಲಸ ಏನು?"

"ಮನೆ ತೋರಿಸುವುದು."

"ಯಾರಿಗೆ?"

"ಬಾಡಿಗೆಗೆ ಬರುವವರಿಗೆ, ಕೊಳ್ಳುವವರಿಗೆ."

"ಒಬ್ಬರೇ ಹೋಗ್ತೀರಾ?"

"ಹೌದು."

ಆತ ಅದನ್ನು ಬರೆದುಕೊಳ್ಳಲಿಲ್ಲ. ಗಂಡನ ಕಡೆ ತಿರುಗಿ, ತಮಾಷೆಗೆ ಅನ್ನುವ ಹಾಗೆ ಕೇಳಿದ: "ಸಾಹೇಬ್, ತಾವೇ ಹೇಳಿ. ಇವರ ಚಾಲ್‌ಚಲನ್ ಹೇಗೆ? ನಡತೆಯಲ್ಲಿ ಏನೂ ತೊಂದರೆ ಇಲ್ಲ ತಾನೇ?"

ಗಂಡನ ಹೇಳಿಕೆ ವರದಿಗೆ ಬೇಕೇ ಇರಲಿಲ್ಲ. ಆತ ಚಹಾ ಮುಗಿಯುವವರೆಗೆ ಮಾತಿಗೆ ಕೇಳಿದ್ದ. 'ಇಲ್ಲ' ಎಂದಿದ್ದರೆ ಆಗುತ್ತಿತ್ತು. ನಕ್ಕಿದ್ದರೂ ಆಗುತ್ತಿತ್ತು.

ನನ್ನ ಗಂಡ ಪೇಪರನ್ನು ಮಡಿಸಿದರು. ಆಫೀಸಿನಲ್ಲಿ ಫೈಲು ಮುಚ್ಚುವ ಹಾಗೆ, ಅಂಚಿಗೆ ಅಂಚು ಸೇರಿಸಿ ಮಡಿಸಿದರು. ಆಮೇಲೆ ಶುದ್ಧವಾದ ಹಿಂದಿಯಲ್ಲಿ ಹೇಳಿದರು: "ನಾನು ಸರ್ಕಾರಿ ನೌಕರ. ಖುದ್ದಾಗಿ ತಿಳಿದ ವಿಷಯವನ್ನು ಮಾತ್ರ ಹೇಳಬಲ್ಲೆ. ಹಗಲೆಲ್ಲ ಆಕೆ ಹೊರಗೆ ಇರುತ್ತಾಳೆ. ಎಲ್ಲಿ, ಯಾರ ಜೊತೆ ಎಂಬುದು ನನಗೆ ಗೊತ್ತಿಲ್ಲ. ಅಕ್ಕಪಕ್ಕದವರನ್ನು ಕೇಳಿ."

ಕಾನ್‌ಸ್ಟೇಬಲ್‌ನ ಲೋಟ ತುಟಿಯ ಹತ್ತಿರ ನಿಂತಿತು. ನನ್ನನ್ನು ಮೊದಲ ಸಲ ಕಣ್ಣೆತ್ತಿ ನೋಡಿದ. ಒಳಗೆ ಬಂದಾಗಿನಿಂದ ನಾನು ಅವನಿಗೆ 'ಭಾಭೀಜಿ', ಅತ್ತಿಗೆ, ಆಗಿದ್ದೆ. ಆ ನೋಟದಲ್ಲಿ ಅದು ಉಳಿದಿರಲಿಲ್ಲ. ಮೇಲಿಂದ ಕೆಳಕ್ಕೆ ನೋಡಿ, ಮತ್ತೆ ಮೇಲಕ್ಕೆ ನೋಡಿ, ನಿಧಾನವಾಗಿ ನಕ್ಕ.

"ಗಂಡನೇ ಹೇಳದಿದ್ದರೆ," ಎಂದ, "ನಾನೇನು ಬರೆಯಲಿ, ಮೇಡಮ್?"

ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು. ಸಾಕ್ಷಿಗಳ ಸಹಿ ಮಾಡಿಸಿ ಠಾಣೆಗೆ ತಂದುಕೊಡಿ ಎಂದು ಹೇಳಿ ಆತ ಹೋದ. ಬಾಗಿಲಲ್ಲಿ ಇನ್ನೊಮ್ಮೆ ತಿರುಗಿ, "ಫೋನ್ ನಂಬರ್ ಕೊಟ್ಟಿರಿ, ಬೇಕಾಗಬಹುದು" ಎಂದು ಬರೆದುಕೊಂಡ. ಆಮೇಲಿನ ದಿನಗಳಲ್ಲಿ ಹೊತ್ತಲ್ಲದ ಹೊತ್ತಿಗೆ ಫೋನ್ ಮಾಡಿ, ಖಾಲಿ ಮನೆ ಯಾವುದಾದರೂ ತೋರಿಸುತ್ತೀರಾ ಎಂದು ಕೇಳುತ್ತಿದ್ದ.

ಅವತ್ತು ಮಧ್ಯಾಹ್ನ ಗಂಡನಿಗೆ ಅನ್ನ ಬಡಿಸಿದೆ. ಸಾರು ಬಡಿಸಿದೆ. ಆಮೇಲೆ ಕೇಳಿದೆ: "ಯಾಕ್ರೀ ಹಾಗಂದ್ರಿ?"

"ಏನಂದೆ?"

"ಗೊತ್ತಿಲ್ಲ ಅಂದ್ರಲ್ಲ."

"ಗೊತ್ತಿಲ್ಲ. ಅದು ನಿಜ ತಾನೇ?" ಅನ್ನ ಕಲಸುತ್ತಲೇ ಹೇಳಿದರು. "ನೀನು ಕೆಟ್ಟವಳು ಅಂತ ನಾನು ಹೇಳಿಲ್ಲ. ಹೇಳಿದ್ನಾ? ಒಳ್ಳೆಯವಳು ಅಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ ಅಂದೆ. ದಿನಾ ಯಾವ್ಯಾವನ ಜೊತೆಗೋ ಖಾಲಿ ಮನೆಗಳಿಗೆ ಹೋಗ್ತೀಯ. ಬೆಡ್‌ರೂಮ್ ತೋರಿಸ್ತೀಯ. ನಾಳೆ ಏನಾದ್ರೂ ಆದ್ರೆ ನನ್ನ ಹೇಳಿಕೆ ಪೊಲೀಸ್ ರೆಕಾರ್ಡಲ್ಲಿ ಇರುತ್ತೆ."

"ಇಪ್ಪತ್ತು ವರ್ಷ ಆಯ್ತು ನಮ್ಮ ಮದುವೆಯಾಗಿ."

"ಅದಕ್ಕೇ ಇಷ್ಟು ಮೃದುವಾಗಿ ಹೇಳಿದ್ದು. ಮೊಸರು ಹಾಕು."

ನಾನು ಮೊಸರು ಹಾಕಿದೆ. ಇದನ್ನು ಈಗ ಬರೆಯುವಾಗಲೂ ಕೈ ಬಿಸಿಯಾಗುತ್ತದೆ. ಆದರೆ ಅವತ್ತು ಹಾಕಿದೆ. ಪಾತ್ರೆಯ ತಳ ಕೆರೆದು ಹಾಕಿದೆ.

ಮಗಳ ಕೋಣೆಗೆ ಹೋದೆ. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಪುಸ್ತಕದಿಂದ ತಲೆ ಎತ್ತದೆ, "ಪಾಪಾ ನೇ ಗಲತ್ ಕಿಯಾ" ಎಂದಳು. ಅಪ್ಪ ಮಾಡಿದ್ದು ತಪ್ಪು ಎಂದು ಅವಳು ಹೇಳಿದ್ದು ಕೇಳಿ ಅವಳ ತಲೆ ಸವರಲು ಕೈ ಚಾಚಿದೆ. ಅವಳು ಕುರ್ಚಿಯನ್ನು ಸರಿಸಿಕೊಂಡಳು.

"ಬಟ್ ಅಮ್ಮಾ, ನೀನೂ ಯಾಕೆ ಇಂಥ ಜಾಬ್ ಮಾಡ್ತೀಯ? ಸ್ಕೂಲಲ್ಲಿ ಕೇಳಿದ್ರೆ ನಾನು ಮಮ್ಮಿ ಹೌಸ್‌ವೈಫ್ ಅಂತ ಹೇಳ್ತೀನಿ. ಪ್ಲೀಸ್, ಫೇರ್‌ವೆಲ್ ದಿನ ಸ್ಕೂಲಿಗೆ ಬಂದ್ರೆ ಆ ವಿಸಿಟಿಂಗ್ ಕಾರ್ಡ್ ಯಾರಿಗೂ ಕೊಡ್ಬೇಡ."

ಅವಳಿಗೆ ಹದಿನೇಳು. ಆ ವಯಸ್ಸಿನಲ್ಲಿ ಎಲ್ಲರೂ ಹಾಗೇ ಎಂದು ನನಗೆ ನಾನೇ ಹೇಳಿಕೊಂಡೆ. ಫೇರ್‌ವೆಲ್‌ಗೆ ಹೋಗಲಿಲ್ಲ.

ಕೆಳಗಿನ ಮಹಡಿಯಲ್ಲಿ ನಮ್ಮ ಕಡೆಯವರೇ ಇದ್ದರು. ಮಂಡ್ಯದವರು, ಆ ಮನೆಯಾಕೆಯ ಗಂಡನೂ ಕೇಂದ್ರ ಸರ್ಕಾರದಲ್ಲಿ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ತೆಗೆದುಕೊಳ್ಳುವ ಸ್ನೇಹ. ಅವರ ತಮ್ಮನಿಗೆ ಗುರ್‌ಗಾಂವ್‌ನಲ್ಲಿ ಮನೆ ಹುಡುಕಿಕೊಟ್ಟವಳು ನಾನೇ. ಸಹಿಗೆ ಮೊದಲು ಅಲ್ಲಿಗೇ ಹೋದೆ. ಆಕೆ ನನ್ನನ್ನು ಒಳಗೆ ಕೂರಿಸಿ, ಕಾಫಿ ಕೊಟ್ಟು, ಕೈ ಹಿಡಿದುಕೊಂಡರು.

"ನೋಡ್ರೀ, ನನಗೆ ನಿಮ್ಮ ಬಗ್ಗೆ ಗೊತ್ತಿಲ್ವಾ? ನಾನಾಗಿದ್ರೆ ಕಣ್ಣು ಮುಚ್ಚಿ ಸೈನ್ ಹಾಕ್ತಿದ್ದೆ. ಆದ್ರೆ ನಿಮ್ಮ ಯಜಮಾನ್ರೇ ಆ ಥರ ಅಂದ ಮೇಲೆ, ನಾವು ಹಾಕಿದ್ರೆ ಅವರನ್ನ ಸುಳ್ಳು ಮಾಡಿದ ಹಾಗಾಗಲ್ವಾ? ಗಂಡ ಹೆಂಡ್ತಿ ಮಧ್ಯೆ ನಾವು ಬರಬಾರದು." ಕಾಫಿ ಲೋಟ ನನ್ನ ಕೈಯಿಂದ ತೆಗೆದುಕೊಳ್ಳುತ್ತಾ ಇನ್ನೂ ಹತ್ತಿರ ಬಂದರು. "ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಏನಾದ್ರೂ ನಡೆದಿದ್ಯಾ?"

ನಾನು ಎದ್ದು ಬಂದೆ. ಮುಂದಿನ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನನ್ನ ಪಕ್ಕದ ಕುರ್ಚಿಗಳು ಖಾಲಿ ಇದ್ದವು. ಗಂಡಸರು ಮಾತ್ರ ಹಿಂದೆಂದಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡಿಸಿದರು.

ನಮ್ಮ ಎದುರು ಬಾಗಿಲಲ್ಲಿ ಒಬ್ಬ ಪಂಜಾಬಿ ಮುದುಕಿ ಇದ್ದಳು. ಅವಳಿಗೂ ನನಗೂ ವರ್ಷಗಳಿಂದ ಯುದ್ಧ. ನಾನು ನೀರಿನ ಮೋಟರ್ ಹಾಕಿದರೆ ಅವಳ ನಲ್ಲಿ ಒಣಗುತ್ತದೆ, ಅವಳು ಹಾಕಿದರೆ ನನ್ನದು. ಅವಳ ಕೂಲರಿನ ನೀರು ನನ್ನ ಹೊಸಿಲಿಗೆ ಹರಿಯುತ್ತದೆ. ಬೈಗುಳದಲ್ಲಿ ನನ್ನ ಹಿಂದಿ ಗಟ್ಟಿಯಾದದ್ದೇ ಅವಳಿಂದ. ಅವಳನ್ನು ಕೇಳುವ ಯೋಚನೆಯೇ ನನಗೆ ಇರಲಿಲ್ಲ. ಒಂದು ಸಂಜೆ ನಾನು ಬೀಗ ತೆಗೆಯುತ್ತಿದ್ದಾಗ ಅವಳೇ ಹಿಂದಿನಿಂದ ಕೂಗಿದಳು.

"ಏಯ್! ಆ ಪೊಲೀಸಿನವನ ಕಾಗದ ಎಲ್ಲಿ?"

"ನಿಮಗ್ಯಾಕೆ?"

"ತಾ ಇಲ್ಲಿ. ನೀನು ಜಗಳಗಂಟಿ. ನಿನ್ನ ಬಾಯಿ ಚರಂಡಿ ಇದ್ದ ಹಾಗೆ. ನೀರು ಕದೀತೀಯ. ಅದನ್ನೆಲ್ಲ ಕೇಳಿದ್ದರೆ ನಾನೇ ಠಾಣೆಗೆ ಹೋಗಿ ಬರೆದುಕೊಡ್ತಿದ್ದೆ. ಅವರು ಕೇಳಿದ್ದು ಬೇರೆ. ಅದರಲ್ಲಿ ನಿನ್ನ ಮೇಲೆ ಬೆರಳು ತೋರಿಸೋಕೆ ಏನೂ ಇಲ್ಲ. ಹದಿನೈದು ವರ್ಷದಿಂದ ನಿನ್ನ ಬಾಗಿಲು ನೋಡ್ತಾ ಕೂತಿದ್ದೀನಿ, ನನಗೆ ಬೇರೆ ಕೆಲಸ ಏನಿದೆ?"

ಕನ್ನಡಕ ಹಾಕಿಕೊಂಡು ಗುರುಮುಖಿ ಲಿಪಿಯಲ್ಲಿ ಸಹಿ ಹಾಕಿದಳು. ಒಳಗಿದ್ದ ಮಗನನ್ನು ಕರೆದು ಎರಡನೆಯದನ್ನೂ ಹಾಕಿಸಿದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದಾಗ, "ಹೋಗು, ನಾಳೆ ಬೆಳಿಗ್ಗೆ ಮೋಟರ್ ಮೊದಲು ನನ್ನದು" ಎಂದು ಬಾಗಿಲು ಹಾಕಿಕೊಂಡಳು. ಕೂಲರ್ ನೀರು ಆಮೇಲೂ ನನ್ನ ಹೊಸಿಲಿಗೇ ಹರಿಯಿತು.

ಸಹಿ ಬಂದರೂ ಠಾಣೆಯಲ್ಲಿ ವರದಿ ಕದಲಲಿಲ್ಲ. ಹೋದಾಗಲೆಲ್ಲ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಕೊನೆಗೆ ಪ್ರಧಾನ್‌ಜಿ ತಾಳ್ಮೆ ಕಳೆದುಕೊಂಡು ತಾನೇ ಒಂದು ಮಿಠಾಯಿ ಡಬ್ಬ ಹಿಡಿದು ಜನಕಪುರಿಗೆ ಹೋಗಿ ಬಂದ. ಒಂದು ವಾರದಲ್ಲಿ ವರದಿ ಹೋಯಿತು. ಆತ ಅಲ್ಲಿ ಯಾರ ಜೊತೆ ಏನು ಮಾತಾಡಿದ ಎಂದು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಲೈಸೆನ್ಸ್ ಬಂತು. ನನ್ನ ಹೆಸರು, ನನ್ನ ಫೋಟೋ, ಅಂಗಡಿಯ ವಿಳಾಸ. ಎಲ್ಲರಿಗೂ ಕಾಣುವಂತೆ ಗೋಡೆಗೆ ಹಾಕಬೇಕು ಎಂಬುದು ನಿಯಮ. ಪ್ರಧಾನ್‌ಜಿ ಒಳ್ಳೆಯ ಫ್ರೇಮ್ ಹಾಕಿಸಿ ತನ್ನ ಕುರ್ಚಿಯ ಹಿಂದೆಯೇ ತೂಗುಹಾಕಿದ. ಮೊದಲ ವಾರ ಏನೂ ಆಗಲಿಲ್ಲ. ಆಮೇಲೆ ಗಿರಾಕಿಗಳು ಓದತೊಡಗಿದರು. ಆಗ ಪೇಪರಿನಲ್ಲೆಲ್ಲ ಲೈಸೆನ್ಸ್ ನೋಡಿ ವ್ಯವಹಾರ ಮಾಡಿ ಎಂದು ಬರುತ್ತಿತ್ತು. ಒಬ್ಬ ನಿವೃತ್ತ ಕರ್ನಲ್ ಪ್ರಧಾನ್‌ಜಿಯ ತಲೆಯ ಮೇಲಿಂದ ಅದನ್ನು ಓದಿ, "ಈ ಮಹಿಳೆ ಯಾರು? ನಾನು ಅವರ ಜೊತೆ ಮಾತಾಡ್ತೀನಿ" ಎಂದು ಕುರ್ಚಿಯನ್ನು ನನ್ನ ಮೇಜಿನ ಕಡೆ ತಿರುಗಿಸಿಕೊಂಡ. ಪ್ರಧಾನ್‌ಜಿ ಎದ್ದು ಹೊರಗೆ ಹೋಗಿ, ಬ್ಯಾಟರಿ ಅಂಗಡಿಯ ಮುಂದೆ ಬೀಡಿ ಸೇದುತ್ತಾ ನಿಂತ. ಮರುದಿನ ಫ್ರೇಮಿನ ಮೇಲೆ ಒಂದು ಸಿಮೆಂಟ್ ಕಂಪನಿಯ ಕ್ಯಾಲೆಂಡರ್ ತೂಗುತ್ತಿತ್ತು.

ಅಲ್ಲಿಂದ ಆತ ನನ್ನನ್ನು ಸಣ್ಣದು ಮಾಡುವ ದಾರಿಗಳನ್ನು ಹುಡುಕಿದ. ಗಿರಾಕಿಗಳ ಎದುರಿಗೆ ಚಹಾ ತರಲು ಕಳಿಸಿದ. ನೀರಿನ ಗ್ಲಾಸು ತೊಳೆಯಲು ಹೇಳಿದ. ಜೂನ್ ತಿಂಗಳ ಬಿಸಿಲಲ್ಲಿ, ಲಿಫ್ಟ್ ಇನ್ನೂ ಓಡದ ಹೊಸ ಟವರುಗಳಿಗೆ, ಯಾರೂ ಕೇಳಿರದ ಫ್ಲ್ಯಾಟಿನ ಬೀಗ ಸರಿಯಾಗಿದೆಯೇ ನೋಡಿ ಬಾ ಎಂದು ಕಳಿಸಿದ. ನಾನು ಹೋದೆ, ಬಂದೆ. ಬಿಟ್ಟು ಹೋಗಬಹುದಿತ್ತು ಎಂದು ಕೇಳುವವರು ಕೇಳುತ್ತಾರೆ. ಮನೆಗೆ ಹೋಗಿ ಹಗಲೆಲ್ಲ ಆ ದಿವಾನ ನೋಡುತ್ತಾ ಕೂರುವುದಕ್ಕಿಂತ ಹತ್ತು ಮಹಡಿ ಹತ್ತುವುದು ನನಗೆ ಹಗುರವಾಗಿತ್ತು.

ಚಳಿಗಾಲದಲ್ಲಿ ಆತನ ಸೊಸೆಯ ಹೆಸರಿನಲ್ಲಿ ಲೈಸೆನ್ಸ್ ಬಂತು. ಮದುವೆಯಾಗಿ ಹೊಸದಾಗಿ ಬಂದ ಹುಡುಗಿ, ಹನ್ನೆರಡು ಪಾಸು. ಅವಳು ಅಂಗಡಿಗೆ ಒಂದು ದಿನವೂ ಕಾಲಿಡಲಿಲ್ಲ, ಇಡುವಂತೆಯೂ ಇರಲಿಲ್ಲ. ಆ ಲೈಸೆನ್ಸಿನ ವಿಷಯ ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ ಅಂಗಡಿಗೆ ಹೋದಾಗ. ಕ್ಯಾಲೆಂಡರ್ ನೆಲದ ಮೇಲೆ ಬಿದ್ದಿತ್ತು. ಗೋಡೆಯ ಮೊಳೆಗೆ ಹೊಸ ಕಾಗದ, ಫೋಟೋದಲ್ಲಿ ಮೂಗಿನವರೆಗೆ ಸೆರಗು ಎಳೆದುಕೊಂಡು ಆಮೇಲೆ ಸರಿಸಿದ ಹಾಗಿದ್ದ ಮುಖ. ಒಳಗೆ ಒಂದು ಗಂಡ ಹೆಂಡತಿ ಮನೆ ಕೊಳ್ಳಲು ಬಂದು ಕೂತಿದ್ದರು. ಹುಬ್ಬಳ್ಳಿಯವರು. ಹಿಂದಿನ ದಿನ ನಾನೇ ಅವರಿಗೆ ಫ್ಲ್ಯಾಟು ತೋರಿಸಿದ್ದೆ.

"ನಾಳೆಯಿಂದ ಬರಬೇಡ," ಎಂದ ಪ್ರಧಾನ್‌ಜಿ. "ನಾಳೆ ಯಾಕೆ, ಈಗಲೇ ಹೋಗು. ಕೀಲಿಗಳನ್ನು ಮೇಜಿನ ಮೇಲಿಡು."

"ಯಾಕೆ ಅಂತ ಹೇಳಿ."

ಆತ ಆ ಗಂಡ ಹೆಂಡತಿಯ ಕಡೆ ತಿರುಗಿ, ಅವರಿಗೆ ಉಪಕಾರ ಮಾಡುವವನ ಹಾಗೆ, ನಿಧಾನವಾದ ಹಿಂದಿಯಲ್ಲಿ ಹೇಳಿದ: "ಇಲ್ಲಿಗೆ ಸಂಸಾರಸ್ಥರು ಬರ್ತಾರೆ. ನಾನು ನೋಡಿಕೊಂಡೇ ಜನ ಇಡಬೇಕು. ಈಕೆಯ ನಡತೆ ಬಗ್ಗೆ ಪೊಲೀಸರು ಕೇಳಿದಾಗ ಕಟ್ಟಿಕೊಂಡ ಗಂಡನೇ ಸಾಕ್ಷಿ ಹೇಳಲಿಲ್ಲ. ಆ ಪೊಲೀಸಿನವನೇ ನನಗೆ ಹೇಳಿದ್ದು. ನಾನು ಹೋಗಿ ಕೈಕಾಲು ಹಿಡಿದು ಕೆಲಸ ಮಾಡಿಸಿದೆ."

ಆ ಹೆಂಗಸು ನನ್ನನ್ನು ನೋಡಿದಳು. ಹಿಂದಿನ ದಿನ ಬಾಲ್ಕನಿಯಲ್ಲಿ ನಿಂತು ಅವಳು, ಅಕ್ಕಾ, ಇಲ್ಲಿ ತುಳಸಿ ಇಡಬಹುದಲ್ವಾ ಎಂದು ಕನ್ನಡದಲ್ಲಿ ಕೇಳಿದ್ದಳು. ಈಗ ಪಕ್ಕದಲ್ಲಿದ್ದ ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ನಾನು ಕೀಲಿಗಳನ್ನು ಇಟ್ಟೆ. "ನನ್ನ ಲೈಸೆನ್ಸ್ ಕೊಡಿ," ಎಂದೆ.

"ಫ್ರೇಮ್ ನನ್ನದು."

"ಫ್ರೇಮ್ ಇಟ್ಕೊಳ್ಳಿ."

ಆತ ಮೂಲೆಯಲ್ಲಿ ಗೋಡೆಗೊರಗಿಸಿದ್ದ ಫ್ರೇಮನ್ನು ಎತ್ತಿ, ಹಿಂದಿನ ಹಲಗೆಯನ್ನು ಸ್ಕ್ರೂಡ್ರೈವರಿನಿಂದ ಮೀಟಿ ಕಿತ್ತ. ಅವಸರ ಮಾಡಲಿಲ್ಲ. ಕಾಗದ ಗಾಜಿಗೆ ಅಂಟಿಕೊಂಡಿತ್ತು. ಎಳೆದಾಗ ಫೋಟೋದ ಅರ್ಧ ಗಾಜಿನಲ್ಲೇ ಉಳಿಯಿತು. ಬಾಯಿ, ಗಲ್ಲ ಇಲ್ಲದ ನನ್ನ ಮುಖವಿದ್ದ ಕಾಗದವನ್ನು ನನ್ನ ಕೈಗೆ ಕೊಟ್ಟು, "ತಗೋ, ಬಿ.ಎ." ಎಂದ.

ನಕಲು ಪಡೆಯಲು, ವಿಳಾಸ ಬದಲಾಯಿಸಲು ನಾನು ಮತ್ತೆ ಅದೇ ಕಿಟಕಿಯ ಮುಂದೆ ನಿಂತೆ. ಆ ವಸಂತದಲ್ಲಿ ಪಾಲಂ ವಿಹಾರದ ಹತ್ತಿರ ಒಂದು ಫೋಟೋಸ್ಟ್ಯಾಟ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಬಾಡಿಗೆಗೆ ಹಿಡಿದೆ. ಯಂತ್ರದ ಬಿಸಿ ಗಾಳಿ ದಿನವಿಡೀ ನನ್ನ ಕಾಲಿಗೆ ಬಡಿಯುತ್ತಿತ್ತು. ಪ್ರಧಾನ್‌ಜಿ ನನ್ನ ಬಗ್ಗೆ ಮಾರ್ಕೆಟ್ಟುಗಳಲ್ಲೆಲ್ಲ ಹೇಳಬೇಕಾದ್ದನ್ನು ಹೇಳಿದ್ದ. ಮೊದಲು ಬಂದವರು ಮನೆ ಹುಡುಕಿ ಬಂದವರಲ್ಲ, ನನ್ನನ್ನು ನೋಡಲು ಬಂದವರು. ಅವರಿಗೂ ಮನೆ ತೋರಿಸಿದೆ. ನಿಧಾನಕ್ಕೆ ಕೆಲಸ ಹತ್ತಿತು. ಒಂಟಿಯಾಗಿ ಬರುವ ನರ್ಸುಗಳು, ಟೀಚರುಗಳು, ಕಾಲ್ ಸೆಂಟರಿನ ಹುಡುಗಿಯರು, ಉಳಿದ ಡೀಲರುಗಳು ನಕ್ಕು ಕಳಿಸಿದವರೆಲ್ಲ, ನನ್ನ ಮೇಜಿಗೆ ಬಂದರು.

ಮಗಳು ಪುಣೆಯ ಕಾಲೇಜು ಸೇರಿ ಹಾಸ್ಟೆಲಿಗೆ ಹೋದಳು. ಆಮೇಲೆ ನಾನು ನನಗಾಗಿ ಮನೆ ಹುಡುಕಿದೆ. ಆ ಭಾಗದ ಒಂದೊಂದು ಮನೆಯ ಬಾಗಿಲೂ ನನಗೆ ಗೊತ್ತಿತ್ತು. ಮಾಲೀಕರು ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಯಾರಿಗೆ ಮನೆ ಎಂದು ಕೇಳುತ್ತಿದ್ದರು. ನನಗೇ ಎಂದರೆ, ಸಾಹೇಬರು ಯಾವಾಗ ಬಂದು ನೋಡುತ್ತಾರೆ ಎನ್ನುತ್ತಿದ್ದರು. ಅವರು ಬರುವುದಿಲ್ಲ, ನಾನೊಬ್ಬಳೇ ಎಂದ ಕೂಡಲೇ ಮುಖದ ಮೇಲಿನ ನಗು ಅಲ್ಲೇ ಗಟ್ಟಿಯಾಗುತ್ತಿತ್ತು. "ಮೇಡಮ್, ನಿಮಗೇ ಗೊತ್ತಲ್ಲ, ನಾವು ಫ್ಯಾಮಿಲಿಗೆ ಮಾತ್ರ ಕೊಡೋದು." ಗೊತ್ತಿತ್ತು. ಅದೇ ಮಾತನ್ನು ಅವರ ಪರವಾಗಿ ಎಷ್ಟೋ ಹುಡುಗಿಯರಿಗೆ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದ್ದವಳು ನಾನು. ಒಬ್ಬಾತ, ನಾನೇ ಸತತವಾಗಿ ಬಾಡಿಗೆದಾರರನ್ನು ತಂದುಕೊಟ್ಟಿದ್ದ ಮನೆಯವನು, ಗಂಡನಿಂದ ಒಪ್ಪಿಗೆಯ ಚೀಟಿ ತಂದರೆ ನೋಡೋಣ ಎಂದ. ಅವನಿಗೆ ಆಮೇಲೆ ಒಬ್ಬ ಬಾಡಿಗೆದಾರನನ್ನೂ ಕೊಡಲಿಲ್ಲ. ಮನೆ ಆರು ತಿಂಗಳು ಖಾಲಿ ಬಿದ್ದಿತ್ತು, ಪ್ರತಿ ವಾರ ಫೋನ್ ಮಾಡುತ್ತಿದ್ದ. ನಾನು ಪ್ರತಿ ವಾರವೂ ತುಂಬ ಮರ್ಯಾದೆಯಿಂದ, ಪಾರ್ಟಿ ಸಿಕ್ಕಿಲ್ಲ ಭಾಯಿ ಸಾಹೇಬ್ ಎಂದೆ.

ಕಡೆಗೆ ಸಿಕ್ಕಿದ್ದು, ಮಾಲೀಕರು ಕೆನಡಾದಲ್ಲಿದ್ದ ಒಂದು ಮನೆಯ ಹಿಂದಿನ ಎರಡು ಕೋಣೆ. ಅವರಿಗೆ ಮನೆಗೆ ಕಾವಲು ಬೇಕಿತ್ತು, ಗಂಡ ಇದ್ದಾನೋ ಇಲ್ಲವೋ ಅವರು ಕೇಳಲಿಲ್ಲ.

ಹೊರಡುವ ದಿನವೂ ಭಾನುವಾರವೇ. ಟೆಂಪೋ ಕೆಳಗೆ ನಿಂತಿತ್ತು, ಎದುರು ಮನೆಯ ಮುದುಕಿ ಗೇಟಿಗೆ ಅಡ್ಡ ನಿಲ್ಲಿಸಿದ್ದಾನೆಂದು ಡ್ರೈವರನಿಗೆ ಬೈಯುತ್ತಿದ್ದಳು. ನನ್ನ ಸಾಮಾನು ಹೆಚ್ಚಿರಲಿಲ್ಲ. ಒಂದು ವಾರದ ಹಿಂದೆಯೇ ನನ್ನ ಗಂಡನಿಗೆ ಹೇಳಿದ್ದೆ. ಆಗ, ಜನರಿಗೆ ಏನು ಹೇಳಬೇಕು ಎಂದು ಕೇಳಿದ್ದರು. ನಿಮಗೆ ತಿಳಿದಷ್ಟು ಹೇಳಿ ಎಂದಿದ್ದೆ.

ಅವತ್ತು ನಾನು ಕೊನೆಯ ಚೀಲ ಎತ್ತಿಕೊಳ್ಳುವಾಗ ಅವರು ದಿವಾನದಿಂದ ಎದ್ದು ಬಾಗಿಲವರೆಗೆ ಬಂದರು. ಏನೋ ಹೇಳಲು ಬಾಯಿ ತೆರೆದರು. ನಾನು ಚೀಲವನ್ನು ಮತ್ತೆ ಕೆಳಗಿಟ್ಟೆ, ಅಷ್ಟಾದ ಮೇಲೂ.

"ಗ್ಯಾಸಿನ ಪುಸ್ತಕ ಎಲ್ಲಿಟ್ಟಿದ್ದೀಯ?"

"ಅಡಿಗೆಮನೆಯಲ್ಲಿ. ಅಕ್ಕಿ ಡಬ್ಬದ ಹಿಂದೆ."

"ತಡಿ, ಇದೆಯಾ ನೋಡಿ ಬರ್ತೀನಿ. ಆಮೇಲೆ ಹೋಗು."

ಅವರು ಒಳಗೆ ಹೋದರು. ಡಬ್ಬ ಸರಿಸುವ ಸದ್ದು ಕೇಳಿಸಿತು. ನಾನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದೆ.